ನವಿಲಿನ ಮರಿಯ ಗುಟ್ಟು

ಶಾಲೆಯ ಪುಸ್ತಕದ ಎರಡು ಹಾಳೆಗಳ ನಡುವೆ ನವಿಲುಗರಿಯೊಂದನ್ನಿರಿಸಿ, ಮೇವಿಗೆಂದು ಅದರ ಪಕ್ಕದಲ್ಲಿ ನಾಲ್ಕು ಅಕ್ಕಿಕಾಳನ್ನಿಟ್ಟು, ಗರಿ ಇಂದು ಮರಿ ಹಾಕೀತು, ನಾಳೆ ಹಾಕೀತು ಎಂದು ಕದ್ದು ಕದ್ದು ನೋಡಿದ ಬಾಲ್ಯ ನಮ್ಮಲ್ಲಿ ಅನೇಕರಿಗೆ ಉಂಟು. ಗರಿ ಮರಿ ಹಾಕಲಿಲ್ಲ. ಅದಕ್ಕೆ ಒಂದು ಕಾರಣ ಕಾಲಕ್ರಮದಲ್ಲಿ ನಮಗೇ ತಿಳಿಯಿತು. ಇನ್ನೊಂದನ್ನು ಆಗ ಯಾರೂ ಹೇಳಲಿಲ್ಲ. ಕಣ್ಣುಳ್ಳ ಆ ಗರಿ ಗಂಡಿನದು. ಮೊಟ್ಟೆಯಿಟ್ಟು ಮರಿ ಮಾಡುವ ಹಕ್ಕಿಗೆ ಸಾಮಾನ್ಯವಾಗಿ ಅಂಥ ಗರಿಯೇ ಇರುವುದಿಲ್ಲ. ಹುಡುಗರಿಗೆ ಈ ಭೇದ ಬೇಕಾಗಿರಲಿಲ್ಲ. ದೊಡ್ಡವರಾದ ಮೇಲೆ ಮಾತ್ರ ಮರಿಯೆಂದೊಡನೆ ನಮ್ಮ ನಾಲಗೆಗೆ ಮೊದಲು ಬರುವ ಪ್ರಶ್ನೆ ಅದೊಂದೇ: ಗಂಡೋ, ಹೆಣ್ಣೋ?

ಶ್ರೀನಿವಾಸಪುರದ ಕಡೆಯ ಮಾವಿನ ತೋಪೊಂದರಲ್ಲಿ ಈ ಪ್ರಶ್ನೆಯನ್ನು ಕೇಳಿ ನಾವು ತಕ್ಕ ಉತ್ತರ ಪಡೆದೆವು. ಕಾಯಿ ಇಳಿಸುವ ಕಾಲ. ಸಾಲುಮರಗಳ ನೆರಳಿನಲ್ಲಿ ಹೆಣ್ಣು ನವಿಲೊಂದು ಐದು ಮರಿಗಳನ್ನು ಹಿಂದಿಟ್ಟುಕೊಂಡು ತರಗೆಲೆ ಕೆದಕುತ್ತ ಹೋಗುತ್ತಿತ್ತು. ಮರಿಗಳು ಒಣಹುಲ್ಲಿನ ಬಣ್ಣದವು. ನಿಂತರೆ ನೆಲದಲ್ಲಿ ಕರಗಿಹೋಗುತ್ತಿದ್ದುವು, ಓಡಿದರೆ ಮಾತ್ರ ಕಾಣುತ್ತಿದ್ದುವು. ತೋಪಿನ ಕಾವಲಿನ ಮುದುಕನನ್ನು ಕೇಳಿದೆವು: “ಇವುಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು?” ಆತ ಬೀಡಿಯನ್ನು ಬಾಯಿಂದ ತೆಗೆಯದೆ ಹೇಳಿದ: “ಅವಕ್ಕೇ ಇನ್ನೂ ಗೊತ್ತಿಲ್ಲ ಸ್ವಾಮಿ, ನಿಮಗ್ಯಾಕೆ ಅವಸರ? ಅವರೆಕಾಯಿ ಕಾಲಕ್ಕೆ ಬನ್ನಿ, ಅವೇ ಹೇಳ್ತಾವೆ.”

ಮುದುಕನ ಮಾತು ಹಾಸ್ಯವಲ್ಲ. ಪಕ್ಷಿಶಾಸ್ತ್ರವೂ ಇದಕ್ಕಿಂತ ಭಿನ್ನವಾದುದನ್ನು ಹೇಳುವುದಿಲ್ಲ. ಕೋಲಾರ ಸೀಮೆಯ ಬೇಸಾಯದ ಪಂಚಾಂಗವನ್ನೇ ಹಿಡಿದು ನಡೆದರೆ ನವಿಲಿನ ಮರಿ ತನ್ನ ಗುಟ್ಟನ್ನು ಬಿಟ್ಟುಕೊಡುವ ಬಗೆಯನ್ನು ಕ್ರಮವಾಗಿ ಕಾಣಬಹುದು.

ಬೆಳೆದ ಹಕ್ಕಿಗಳಲ್ಲಿ ಸಂಶಯಕ್ಕೆ ಎಡೆಯಿಲ್ಲವಷ್ಟೆ. ಗಂಡಿನ ಕೊರಳು ಹೊಳೆವ ಕಡುನೀಲಿ. ಬೆನ್ನಿನಿಂದಿಳಿದ ಸೋಗೆಯಲ್ಲಿ ಸುಮಾರು 200 ಗರಿಗಳು. ಈ ಸೋಗೆಯನ್ನು ನಾವು ಬಾಲವೆಂದು ಕರೆಯುವುದು ರೂಢಿಯ ತಪ್ಪು. ನಿಜವಾದ ಬಾಲ 20 ಗರಿಗಳ ಗಿಡ್ಡ ಕಂದುಬಾಲ; ಸೋಗೆ ಅದರ ಮೇಲುಹೊದಿಕೆಯ ಗರಿಗಳಿಂದ ಆದುದು, ಬಾಲ ಅದಕ್ಕೆ ಹಿಂದಿನಿಂದ ಊರೆಗೋಲಾಗಿ ನಿಲ್ಲುತ್ತದೆ. ಸೋಗೆ ಸೇರಿ ಗಂಡಿನ ಉದ್ದ ಎರಡು ಮೀಟರಿನ ಆಸುಪಾಸು. ಹೆಣ್ಣಿನದು ಒಂದು ಮೀಟರಿಗೆ ಸ್ವಲ್ಪ ಕಡಿಮೆ. ಗಂಡು 4ರಿಂದ 6 ಕಿಲೋ ತೂಗಿದರೆ ಹೆಣ್ಣು 4 ಕಿಲೋ ಮೀರುವುದು ಅಪರೂಪ. ಹೆಣ್ಣು ಕಂದುಬಣ್ಣದ ಸಾಧುಹಕ್ಕಿ. ಕೊರಳ ಬುಡದಲ್ಲಿ ಒಂದಿಷ್ಟು ಹಸುರು ಮಿಂಚು, ಹೊಟ್ಟೆಯಲ್ಲಿ ಮಾಸಲು ಬಿಳುಪು, ಅಷ್ಟೇ ಅದರ ಒಡವೆ. ಕುಣಿಯುವುದಕ್ಕೆ ಹೆಸರಾದುದು ಗಂಡು. ಆದರೂ ನಾವು ಚೆನ್ನಾಗಿ ಕುಣಿಯುವ ಹುಡುಗಿಯನ್ನೇ ನವಿಲಿಗೆ ಹೋಲಿಸುತ್ತೇವೆ, ಮಗಳಿಗೇ ಮಯೂರಿ ಎಂದು ಹೆಸರಿಡುತ್ತೇವೆ!

ದಕ್ಷಿಣದಲ್ಲಿ ನವಿಲಿನ ಬೆದೆಗಾಲ ಏಪ್ರಿಲ್–ಮೇ ತಿಂಗಳುಗಳಲ್ಲಿ ಏರುತ್ತದೆ. ಆಗ ಗಂಡಿನ ಕೇಕೆ ತೋಪಿನಿಂದ ತೋಪಿಗೆ ಹಾಯುತ್ತದೆ. ಕೂಡಿದ ಬಳಿಕ ಗಂಡಿನ ಕೆಲಸ ಮುಗಿಯಿತು. ಗೂಡಿನ ಗೋಜಿಗೂ ಅದಿಲ್ಲ, ಕಾವಿಗೂ ಇಲ್ಲ, ಸಾಕಣೆಗೂ ಇಲ್ಲ. ಹೆಣ್ಣು ಪೊದೆಯ ಮರೆಯಲ್ಲಿ ನೆಲವನ್ನು ಕೊಂಚ ಕೆದರಿ, ಎಲೆಕಡ್ಡಿ ಹಾಸಿ, ನಾಲ್ಕರಿಂದ ಎಂಟರವರೆಗೆ ಮೊಟ್ಟೆಯಿಟ್ಟು ಸುಮಾರು 28 ದಿನ ಒಂದೇ ಕಾವು ಕೂರುತ್ತದೆ. ಮುಳಬಾಗಿಲಿನ ಹತ್ತಿರದ ಆವನಿಯ ಬೆಟ್ಟವನ್ನು ಬಲ್ಲವರಿಗೆ ಇಲ್ಲೊಂದು ನೆನಪು ಬಾರದಿರದು. ಸೀತೆ ಲವಕುಶರನ್ನು ಹೆತ್ತು ಸಾಕಿದ ವಾಲ್ಮೀಕಿಯ ಆಶ್ರಮ ಅದೇ ಎಂದು ಸ್ಥಳಪುರಾಣ. ಬೆಟ್ಟದ ಮೇಲೆ ಸೀತಾಪಾರ್ವತಿಯ ಗುಡಿ ಇದೆ. ಅರಸ ಅರಮನೆಯಲ್ಲಿ, ತಾಯಿ ಕಾಡಿನಲ್ಲಿ. ಸೋಗೆಯ ವೈಭವವೆಲ್ಲ ಒಂದೆಡೆ, ಮಕ್ಕಳ ಹೊಣೆಯೆಲ್ಲ ಇನ್ನೊಂದೆಡೆ ಎಂಬ ಮಾತು ಆ ಬಂಡೆಗಳ ನಡುವೆ ಇಂದೂ ನಡೆದಿದೆ.

ಮಾವು ಇಳಿಸುವ ವೇಳೆಗೆ ಮೊಟ್ಟೆಯೊಡೆದ ಮರಿ ಹುಟ್ಟಿದ ದಿನವೇ ತಾಯಿಯ ಹಿಂದೆ ನಡೆಯುತ್ತದೆ. ಮೈತುಂಬ ಮಂಕು ಹಳದಿಯ ನಯವಾದ ತುಪ್ಪಳು. ಹೆಡಕಿನಲ್ಲಿ ಕಣ್ಣಿನವರೆಗೆ ಹಬ್ಬಿದ ಕಡುಗಂದು ಗುರುತು. ಗಂಡಿಗೂ ಇದೇ ವೇಷ, ಹೆಣ್ಣಿಗೂ ಇದೇ ವೇಷ. ಈ ಹಂತದಲ್ಲಿ ಬರಿಗಣ್ಣಿನಿಂದ ಭೇದ ಹೇಳುತ್ತೇನೆನ್ನುವವನು ಬಾಜಿ ಕಟ್ಟುವವನೇ ಹೊರತು ಬಲ್ಲವನಲ್ಲ.

ರಾಗಿಯ ಹೊಲದಲ್ಲಿ ಕುಂಟೆ ಹೊಡೆದು ಕಳೆ ಕೀಳುವ ಹೊತ್ತಿಗೆ ಮರಿಗೆ ಒಂದೆರಡು ತಿಂಗಳು. ಸುಳ್ಳು ಗುರುತುಗಳು ಹೆಚ್ಚಾಗಿ ಹುಟ್ಟುವ ಕಾಲ ಇದೇ. ಮೊದಲನೆಯದು ಜುಟ್ಟು. ತಲೆಯ ಮೇಲೆ ಪುಟ್ಟ ತುರಾಯಿ ಮೂಡಿತೆಂದರೆ ಗಂಡೆಂದು ಸಂಭ್ರಮಿಸುವವರು ಉಂಟು. ಆದರೆ ಕೋಳಿಯ ಜುಟ್ಟಿನ ಲೆಕ್ಕ ನವಿಲಿಗೆ ಸಲ್ಲದು. ಇಲ್ಲಿ ಗಂಡಿಗೂ ಹೆಣ್ಣಿಗೂ ತುರಾಯಿ ಉಂಟು. ಎರಡನೆಯದು ಕುಣಿತ. ಅಂಗೈಯಗಲದ ಮರಿಯೊಂದು ಇದ್ದಕ್ಕಿದ್ದಂತೆ ಗಿಡ್ಡ ಬಾಲವನ್ನು ಬೀಸಣಿಗೆ ಮಾಡಿ ಬಿಂಕದಿಂದ ತಿರುಗುತ್ತದೆ. ನೋಡಿದವರು ‘ಗಂಡೇ ಸರಿ’ ಎನ್ನುತ್ತಾರೆ. ಆದರೆ ಹೆಣ್ಣುಮರಿಯೂ ಹಾಗೆಯೇ ಬಾಲ ಬಿಚ್ಚಿ ಆಡುತ್ತದೆ. ನವಿಲನ್ನು ಕಂಡು ಕೆಂಬೂತ ಕುಣಿಯಹೊರಟುದು ಗಾದೆಯಾಯಿತು. ಅಣ್ಣನನ್ನು ಕಂಡು ತಂಗಿ ಕುಣಿದುದು ಯಾರ ಗಾದೆಗೂ ಸಿಕ್ಕಲಿಲ್ಲ.

ಈ ವಯಸ್ಸಿನಲ್ಲಿ ಅಷ್ಟಿಷ್ಟು ನಂಬಬಹುದಾದ ಗುರುತು ಕಾಲು. ಒಂದೇ ಕಾವಿನ ಮರಿಗಳನ್ನು ಒಟ್ಟಿಗೆ ನೋಡಿದರೆ ಕೆಲವು ಉದ್ದಗಾಲಿನವಾಗಿ ಎತ್ತರಕ್ಕೆ ನಿಲ್ಲುತ್ತವೆ. ಅವು ಗಂಡಾಗಿರುವ ಸಂಭವ ಹೆಚ್ಚು. ಆದರೆ ಒಂದು ದಿನ ಮೊದಲೊಡೆದ ಮರಿಯೂ, ಮೇವು ಚೆನ್ನಾಗಿ ಸಿಕ್ಕ ಮರಿಯೂ ಎತ್ತರವಾಗಿರುವುದು ಸಾಧ್ಯ. ಒಂಟಿ ಮರಿಯ ಕಾಲನ್ನು ನೋಡಿ ತೀರ್ಪು ಕೊಡುವುದಂತೂ ಸಲ್ಲದು. ಬೆನ್ನಿನ ಚಿತ್ತಾರ ಇದಕ್ಕಿಂತ ಕೊಂಚ ಮೇಲು: ಗಂಡುಮರಿಯ ಬೆನ್ನು ಹೆಗಲುಗಳಲ್ಲಿ ಅಡ್ಡಗೆರೆಗಳೂ ಮಚ್ಚೆಗಳೂ ಬರಬರುತ್ತ ಎದ್ದು ತೋರುತ್ತವೆ, ಹೆಣ್ಣಿನ ಬೆನ್ನು ಹೆಚ್ಚು ಸಪಾಟಾಗಿ ಒಂದೇ ಕಂದಾಗಿ ಉಳಿಯುತ್ತದೆ.

ಮರಿ ಇನ್ನಷ್ಟು ಬಲಿತ ಮೇಲೆ ರೆಕ್ಕೆಯನ್ನು ನೋಡಬೇಕು, ಅದೂ ಹಾರುವಾಗ. ರೆಕ್ಕೆಯ ತುದಿಯ ದೊಡ್ಡ ಹಾರುಗರಿಗಳು ಎಳೆಯ ಗಂಡಿನಲ್ಲಿ ಕಗ್ಗೆಂಪು. ಮಾಲೂರಿನವರಿಗೆ ಈ ಬಣ್ಣವನ್ನು ವಿವರಿಸಬೇಕಾಗಿಲ್ಲ. ಅವರ ಊರಿನ ಹೆಂಚು ಗೂಡಿನಿಂದ ಹೊರಬಂದಾಗ ಹೆಚ್ಚು ಕಡಮೆ ಇದೇ ಬಣ್ಣ. ಹೆಣ್ಣಿನ ಹಾರುಗರಿ ಬರಿಯ ಕಂದು. ನೋಡಲು ಹೆಣ್ಣಿನಂತೆಯೇ ಇರುವ ಹಕ್ಕಿಯೊಂದು ಬದುವಿನಿಂದೆದ್ದು ಹಾರುವಾಗ ರೆಕ್ಕೆಯಲ್ಲಿ ಹೆಂಚಿನ ಕೆಂಪು ಮಿಂಚಿತೆಂದರೆ ಅದು ಎಳೆಯ ಗಂಡೆಂದು ಹೆಚ್ಚಿನ ಧೈರ್ಯದಿಂದ ಹೇಳಬಹುದು.

ಹೀಗೆ ರಾಗಿ ತೆನೆಯೊಡೆದು, ಕೊಯ್ಲಾಗಿ, ಅವರೆಯ ಸೊಗಡು ಸಂತೆಗೆ ಬರುವ ವೇಳೆಗೆ ಮರಿಗೆ ಐದಾರು ತಿಂಗಳು ತುಂಬಿರುತ್ತದೆ. ಮುದುಕ ಹೇಳಿದ್ದ ಗಡುವು ಇದೇ. ಗಂಡಿನ ಕೊರಳಲ್ಲಿ ನೀಲಿ ಮೂಡತೊಡಗುತ್ತದೆ. ಇಲ್ಲಿಯೂ ಒಂದು ಮೋಸವುಂಟು: ಹೊಳಪು ಕಂಡೊಡನೆ ಗಂಡೆನ್ನಬಾರದು, ಹೆಣ್ಣಿನ ಕೊರಳಿಗೂ ಇದೇ ಸುಮಾರಿಗೆ ಹೊಳಪು ಬರುತ್ತದೆ. ಆದರೆ ಹೆಣ್ಣಿನದು ಹಸುರು, ಕೊರಳ ಕೆಳಭಾಗಕ್ಕೆ ನಿಂತುಬಿಡುತ್ತದೆ. ಗಂಡಿನದು ನೀಲಿ, ದಿನದಿನಕ್ಕೆ ಕೊರಳನ್ನೂ ಎದೆಯನ್ನೂ ಆಕ್ರಮಿಸುತ್ತದೆ. ಮಾವು ಎರಡನೆಯ ಸಲ ಫಲಕ್ಕೆ ಬರುವ ಹೊತ್ತಿಗೆ ನೀಲಿಯ ಕೊರಳಿನ ಗಂಡು ಸ್ಪಷ್ಟವಾಗಿ ಬೇರೆಯಾಗಿರುತ್ತದೆ. ಸೋಗೆಯ ಮೊದಲ ಸೂಚನೆ ಎರಡನೆಯ ವರ್ಷದಲ್ಲಿ. ಅದು ಕಣ್ಣುಗಳಿಂದ ತುಂಬಿ ನೆಲವನ್ನು ಗುಡಿಸುವಂತಾಗಲು ಸುಮಾರು ನಾಲ್ಕು ವರ್ಷ ಬೇಕು.

ಸೋಗೆ ಬಂದ ಮೇಲಾದರೂ ಗೊಂದಲ ಮುಗಿಯಿತೇ? ಇಲ್ಲ. ಸಂತಾನಕಾಲ ಕಳೆದು ಮಳೆಗಾಲ ಕೊನೆಗೊಳ್ಳುವ ವೇಳೆಗೆ ಗಂಡು ತನ್ನ ಸೋಗೆಯನ್ನೆಲ್ಲ ಉದುರಿಸಿಬಿಡುತ್ತದೆ. ಬೆಟ್ಟದ ತಪ್ಪಲಿನಲ್ಲಿಯೋ ಕೆರೆಯಂಗಳದ ಜಾಲಿಯ ಮರೆಯಲ್ಲಿಯೋ ಆಗ ಕಾಣುವ ಬೋಳುಬೆನ್ನಿನ ದೊಡ್ಡ ಗಂಡನ್ನು ಮರಿಯೆಂದೋ ಹೆಣ್ಣೆಂದೋ ತಿಳಿಯುವವರು ಅನೇಕರು. ಕೊರಳಿನ ನೀಲಿಯೂ ಕಾಲಿನ ಮುಳ್ಳೂ ಆಗ ಸಾಕ್ಷಿಗೆ ಬರುತ್ತವೆ. ಹೀಗೆ ಉದುರಿದ ಗರಿಯೇ ನಮ್ಮ ಪುಸ್ತಕ ಸೇರುವ ಗರಿ.

ಇಷ್ಟು ಕಾಲ ಕಾಯಲಾರದವರಿಗೆ ವಿಜ್ಞಾನ ಬೇರೊಂದು ದಾರಿಯನ್ನು ತೆರೆದಿದೆ. ಒಂದು ತೊಟ್ಟು ರಕ್ತವೋ ಆಗತಾನೆ ಕಿತ್ತ ಗರಿಯ ಬುಡವೋ ಸಿಕ್ಕರೆ, ಪ್ರಯೋಗಶಾಲೆಯಲ್ಲಿ ಡಿಎನ್‌ಎ ಪರೀಕ್ಷೆ ಮಾಡಿ ಯಾವ ವಯಸ್ಸಿನ ಹಕ್ಕಿಯ ಲಿಂಗವನ್ನಾದರೂ ಹೇಳಬಹುದು. ಈ ಪರೀಕ್ಷೆಯ ಹಿಂದಿರುವ ತತ್ತ್ವ ನಮ್ಮ ಮನೆಗಳಿಗೆ ಒಂದು ಪಾಠವಾಗಬಲ್ಲುದು. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ತಂದೆಯಿಂದ ಬಂದ ವರ್ಣತಂತು. ಆದರೂ ಸಾಲಾಗಿ ಹೆಣ್ಣು ಹುಟ್ಟಿದರೆ ಬೈಗುಳ ತಾಯಿಗೆ! ಹಕ್ಕಿಗಳಲ್ಲಿ ಈ ನಿಯಮ ತಿರುವುಮುರುವು. ಅಲ್ಲಿ ಎರಡು ಬಗೆಯ ವರ್ಣತಂತು ಇರುವುದು ತಾಯಿಯಲ್ಲಿ. ಮರಿಯ ಲಿಂಗ ತಾಯಿಯ ಮೊಟ್ಟೆಯಲ್ಲಿಯೇ ತೀರ್ಮಾನವಾಗುತ್ತದೆ. ನಿಜವಾಗಿ ತಾಯಿಯೇ ಕಾರಣವಾದ ಕುಲದಲ್ಲಿ ಅವಳನ್ನು ಬೈಯುವ ಅತ್ತೆಯಿಲ್ಲ. ಅವಳು ಕಾರಣವಲ್ಲದ ನಮ್ಮ ಕುಲದಲ್ಲಿ ಬೈಗುಳಕ್ಕೆ ಕೊನೆಯಿಲ್ಲ.

ಇನ್ನೂ ದೊಡ್ಡ ಸೋಜಿಗವೆಂದರೆ ಬಣ್ಣದ ಕಥೆ. ಸಾದಾ ಮೈಯ ಮೇಲೆ ಗಂಡುತನ ನೀಲಿ ಬಳಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ನವಿಲಿನ ವಂಶದಲ್ಲಿ ವಿಷಯ ಹಾಗಿಲ್ಲ. ಹೆಣ್ಣಿನ ಅಂಡಾಶಯದಲ್ಲಿ ಉತ್ಪನ್ನವಾಗುವ ಈಸ್ಟ್ರೋಜನ್ ಎಂಬ ರಸವೇ ಹೆಣ್ಣನ್ನು ಕಂದುಬಣ್ಣದಲ್ಲಿ ಇರಿಸಿರುವುದು. ಆ ರಸ ಇಲ್ಲವಾದರೆ ಹೆಣ್ಣಿಗೂ ಗಂಡಿನ ಗರಿ ಮೂಡಬಲ್ಲುದು. ಹಲವು ಬಾರಿ ಮರಿ ಮಾಡಿದ ಹೆಣ್ಣು ನವಿಲೊಂದು ವಯಸ್ಸಾದ ಬಳಿಕ ಗಂಡಿನ ಗರಿಗಳನ್ನು ತಳೆದ ಸಂಗತಿಯನ್ನು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರ್ 1780ರಷ್ಟು ಹಿಂದೆಯೇ ಬರೆದಿಟ್ಟ. ಎಂದರೆ ಸೋಗೆ ಹೆಣ್ಣಿನಲ್ಲಿ ಇಲ್ಲವೆಂದಲ್ಲ. ಹೆಣ್ಣು ಅದನ್ನು ತೊಡದೆ ಇರಿಸಿದೆ. ನೆಲದ ಮೇಲೆ 28 ದಿನ ಅಲುಗದೆ ಕೂರಬೇಕಾದವಳಿಗೆ ಒಣಗೆಲೆಯ ಬಣ್ಣವೇ ಕವಚ. ಗಂಡಿನ ಸೋಗೆಗಾದರೂ ಕಾರಣ ಯಾರು? ತಲೆಮಾರಿನಿಂದ ತಲೆಮಾರಿಗೆ ಹೆಣ್ಣುಗಳು ಚೆಂದದ ಗಂಡನ್ನೇ ಆರಿಸಿದುದರಿಂದ ಆ ಚೆಂದ ಬೆಳೆಯಿತೆಂದು ಡಾರ್ವಿನ್ 1871ರಲ್ಲಿ ಪ್ರತಿಪಾದಿಸಿದ. ಈ ವಾದವನ್ನು ಒಪ್ಪುವುದಾದರೆ, ನಾವು ಕಣ್ತುಂಬ ನೋಡುವ ಆ ಚಿತ್ರವನ್ನು ಬರೆಸಿದವಳು ನಾವು ಕಣ್ಣೆತ್ತಿಯೂ ನೋಡದ ಕಂದುಹಕ್ಕಿಯೇ.

ಇಷ್ಟೆಲ್ಲ ತಿಳಿದ ಮೇಲೆ ಮೊದಲಿನ ಪ್ರಶ್ನೆಗೆ ಮರಳೋಣ. ಮರಿ ಗಂಡೋ ಹೆಣ್ಣೋ ಎಂದು ನಾವು ಕೇಳುವುದಾದರೂ ಏಕೆ? ಕೋಳಿ ಸಾಕಣೆಯಲ್ಲಿ ಈ ಪ್ರಶ್ನೆಗೆ ಕಾರಣ ಸ್ಪಷ್ಟ. ಒಂದು ದಿನದ ಕೋಳಿಮರಿಯ ಗುದದ್ವಾರವನ್ನು ಪರೀಕ್ಷಿಸಿ ಲಿಂಗ ಹೇಳುವ ವಿದ್ಯೆಯನ್ನು ಜಪಾನಿನವರು ಕಳೆದ ಶತಮಾನದ ಮೊದಲರ್ಧದಲ್ಲಿ ಲೋಕಕ್ಕೆ ಕಲಿಸಿದರು. ಮೊಟ್ಟೆಗಾಗಿ ಸಾಕುವ ತಳಿಯಲ್ಲಿ ಗಂಡು ಬೇಡ; ಬೇಡವೆಂದು ತಿಳಿದ ದಿನವೇ ಅದರ ಆಯುಸ್ಸು ಮುಗಿಯುತ್ತದೆ. ನವಿಲಿನಲ್ಲಿ ನಮ್ಮ ಆಸೆ ಇದಕ್ಕೆ ವಿರುದ್ಧ. ಸೋಗೆಗಾಗಿ ಗಂಡು ಬೇಕು, ಹೆಣ್ಣು ಬೇಡ. ಮನುಷ್ಯರ ವಿಷಯದಲ್ಲಿ ಈ ಪ್ರಶ್ನೆ ಎಲ್ಲಿಗೆ ಮುಟ್ಟಿತೆಂದರೆ, ಮಗು ಹುಟ್ಟುವ ಮೊದಲು ಅದನ್ನು ಕೇಳುವುದನ್ನೂ ಹೇಳುವುದನ್ನೂ 1994ರ ಕಾಯಿದೆಯಿಂದ ನಿಷೇಧಿಸಬೇಕಾಯಿತು. ಕುತೂಹಲಕ್ಕಾಗಿ ಕೇಳುವವರು ಇಲ್ಲವೆಂದಲ್ಲ. ಆದರೆ ‘ಗಂಡೋ, ಹೆಣ್ಣೋ?’ ಎಂಬ ಪ್ರಶ್ನೆ ಅವಸರದಿಂದ ಬಂದಾಗಲೆಲ್ಲ ಅದರ ಬೆನ್ನಿಗೆ ‘ಬೇಡವಾದದ್ದನ್ನು ಏನು ಮಾಡೋಣ?’ ಎಂಬ ಇನ್ನೊಂದು ಪ್ರಶ್ನೆ ಅಡಗಿ ನಿಂತಿರುತ್ತದೆ.

ಹೊಲ ಉಳುವಾಗಲೋ ಬೇಲಿ ಸವರುವಾಗಲೋ ಸಿಕ್ಕ ನವಿಲಿನ ಮೊಟ್ಟೆಯನ್ನು ಮನೆಗೆ ತಂದು ಕೋಳಿಯ ಕಾವಿಗಿಡುವ ಆಸೆ ಯಾರಿಗಾದರೂ ಬಂದೀತು. ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹುಲಿ ಆನೆಗಳ ಸಾಲಿನಲ್ಲಿಯೇ ಅದರ ಹೆಸರಿದೆ; ಅದರ ಮೊಟ್ಟೆಯನ್ನು ತೆಗೆಯುವುದೂ ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ. ಕಾನೂನು ಒತ್ತಟ್ಟಿಗಿರಲಿ. ಸೋಗೆಯ ಆಸೆಗೆ ಸಾಕಿದ ಮರಿ ಅವರೆಯ ಕಾಲಕ್ಕೆ ಹಸುರು ಕೊರಳಿನ ಹೆಣ್ಣಾಗಿ ನಿಂತರೆ ಅದರ ಗತಿಯೇನು? ಮನೆಯಲ್ಲಿ ಬೇಡವಾಯಿತು, ತಾಯಿಯ ಹಿಂದೆ ನಡೆದು ಮೇವನ್ನೂ ಭಯವನ್ನೂ ಕಲಿಯಬೇಕಾದ ತಿಂಗಳುಗಳು ಕಳೆದುಹೋದುದರಿಂದ ಕಾಡಿಗೂ ಸಲ್ಲದಾಯಿತು. ಆದ್ದರಿಂದ ಕಾವಿಗೆ ಕುಳಿತ ಹಕ್ಕಿ ಕಂಡರೆ ಅಷ್ಟು ಅಗಲ ನೆಲವನ್ನು ತಿಂಗಳು ಬಿಡುವುದು, ಒಂಟಿಮರಿ ಸಿಕ್ಕರೆ ಸಿಕ್ಕಲ್ಲಿಯೇ ಬಿಟ್ಟು ದೂರ ಸರಿಯುವುದು, ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು, ಇಷ್ಟೇ ನಮ್ಮಿಂದ ಆಗಬೇಕಾದ ಉಪಕಾರ. ತಾಯಿ ಬಹುಮಟ್ಟಿಗೆ ಹತ್ತಿರದ ಪೊದೆಯಲ್ಲಿಯೇ ಇರುತ್ತಾಳೆ.

ರೈತನ ದೂರನ್ನೂ ಇಲ್ಲಿ ಹೇಳದೆ ಬಿಡುವುದು ಅನ್ಯಾಯ. ಟೊಮ್ಯಾಟೊ ಸಸಿಯನ್ನು ಕುಕ್ಕಿ, ನೆಲಗಡಲೆಯನ್ನು ಕೆದಕಿ, ರಾಗಿಯ ತೆನೆಯನ್ನು ಸೀಳುವ ಹಕ್ಕಿಯನ್ನು ದೇವರ ವಾಹನವೆಂದು ಕೈಮುಗಿದು ಸುಮ್ಮನಿರುವುದು, ಜೀವನದಿಯಿಲ್ಲದ ಸೀಮೆಯಲ್ಲಿ ಸಾಲ ಮಾಡಿ ಕೊಳವೆಬಾವಿ ತೋಡಿಸಿದವನಿಗೆ ಸುಲಭವಲ್ಲ. ಹುಳುಹುಪ್ಪಟೆ, ಗೆದ್ದಲುಗಳನ್ನು ತಿಂದು ಅದು ಮಾಡುವ ಸಹಾಯ ಅವನ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಹಾಗಿದ್ದರೂ ಬದುವಿನ ಪೊದೆಯನ್ನು ಸವರದೆ ಬಿಡುವ ರೈತರು ಈ ತಾಲ್ಲೂಕುಗಳಲ್ಲಿ ಇರುವುದರಿಂದಲೇ ಇಲ್ಲಿ ನವಿಲಿದೆ. ಕನ್ನಡದಲ್ಲಿ ನವಿಲೆಂದೂ ತೆಲುಗಿನಲ್ಲಿ ನೆಮಲಿಯೆಂದೂ ತಮಿಳಿನಲ್ಲಿ ಮಯಿಲೆಂದೂ ಕರೆಯಿಸಿಕೊಂಡು ಈ ಗಡಿನಾಡಿನ ಮೂರು ಭಾಷೆಗಳಲ್ಲಿಯೂ ಅದು ಬದುಕಿದೆ.

ಅವರೆಯ ಕಾಲಕ್ಕೆ ನಾವು ಆ ತೋಪಿಗೆ ಮತ್ತೆ ಹೋದೆವು. ಐದು ಮರಿಗಳಲ್ಲಿ ಕಂಡವು ಮೂರೇ. ಉಳಿದೆರಡು ನಾಯಿಗೋ ಮುಂಗುಸಿಗೋ ಹದ್ದಿಗೋ ಸಂದಿರಬೇಕು. ಸಂದ ಆ ಎರಡು ಗಂಡೋ ಹೆಣ್ಣೋ, ಇನ್ನು ಯಾರೂ ಹೇಳಲಾರರು. ಉಳಿದ ಮೂರರಲ್ಲಿ ಒಂದರ ಕೊರಳು ಬಿಸಿಲಿಗೆ ತಿರುಗಿದಾಗ ನೀಲಿಯಾಗಿ ಹೊಳೆಯಿತು. ಇನ್ನೆರಡರ ಕೊರಳ ಬುಡದಲ್ಲಿ ಹಸುರು. ತಾಯಿ ಮೂವರಿಗೂ ಒಂದೇ ತರಗೆಲೆಯನ್ನು ಕೆದಕಿಕೊಡುತ್ತಿದ್ದಳು. ಮುದುಕ ನಮ್ಮನ್ನು ಗುರುತಿಸಿ ನಕ್ಕ. “ಗೊತ್ತಾಯ್ತಾ ಸ್ವಾಮಿ?” ಎಂದ. ಗೊತ್ತಾಯಿತೆಂದೆವು. “ಗೊತ್ತಾಗಿ ಏನಾಯ್ತು?” ಎಂದ.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.